ತೂಗುಬೀಸಣಿಗೆಯ ತಂತಿಜೋಡಣೆ

ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದುಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದವು. ಅಂದು ಗಣಿಗೂ ನಗರಕ್ಕೂ ದೊರೆತ ಆ ಸೌಕರ್ಯವು ಇಂದು ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನಂತಹ ಗ್ರಾಮಗಳ ಮನೆಗಳಲ್ಲಿಯೂ ಬೀಸಣಿಗೆಯನ್ನು ತಿರುಗಿಸುತ್ತಿದೆ. ಸೇವಕನಂತೆ ದುಡಿಯುವ ಈ ಶಕ್ತಿಯು ಅಜಾಗರೂಕರಿಗೆ ಮೃತ್ಯುವೂ ಆಗಬಲ್ಲದು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಈ ವಿಷಯವನ್ನು ಅರಿತಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಮನೆಗೆ ಬರುವ ವಿದ್ಯುತ್ತಿನ ಒತ್ತಡವು 230 ವೋಲ್ಟು. ಬೀಸಣಿಗೆಗೆ ಮೂರು ತಂತಿಗಳು ಬೇಕು. ಶಕ್ತಿಯನ್ನು ತರುವುದು ಫೇಸ್ ತಂತಿ; ಅದು ಸಾಮಾನ್ಯವಾಗಿ ಕೆಂಪು, ಹಳದಿ ಅಥವಾ ನೀಲಿ. ಮರಳಿ ಒಯ್ಯುವುದು ಕಪ್ಪು ಬಣ್ಣದ ನ್ಯೂಟ್ರಲ್. ಹಸುರು ತಂತಿಯು ಬೀಸಣಿಗೆಯ ಲೋಹದ ಮೈಯನ್ನು ಭೂಮಿಗೆ ಸೇರಿಸುತ್ತದೆ. ಆದರೆ ಹಳೆಯ ಮನೆಗಳಲ್ಲಿ ಬಣ್ಣವನ್ನು ಮಾತ್ರ ನಂಬಬಾರದು, ಪರೀಕ್ಷಿಸಿಯೇ ತಿಳಿಯತಕ್ಕದ್ದು.

ಫೇಸ್ ತಂತಿಯು ಮೊದಲು ಸ್ವಿಚ್ಚಿಗೆ, ಅಲ್ಲಿಂದ ರೆಗ್ಯುಲೇಟರಿಗೆ, ಬಳಿಕ ಬೀಸಣಿಗೆಗೆ ಹೋಗಬೇಕು. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲಿಗೆ ಜೋಡಿಸಿದರೂ ಬೀಸಣಿಗೆಯು ತಿರುಗುವುದು, ನಿಲ್ಲುವುದು. ದೋಷವು ಕಣ್ಣಿಗೆ ಬೀಳುವುದಿಲ್ಲ. ಆದರೆ ನಿಂತ ಬೀಸಣಿಗೆಯ ತಂತಿಗಳಲ್ಲಿ 230 ವೋಲ್ಟು ಹಾಗೆಯೇ ಕಾದಿರುವುದು. ಧೂಳು ಒರೆಸಲು ಒದ್ದೆ ಬಟ್ಟೆ ಹಿಡಿದು ಏರಿದವರಿಗೆ ಅಪಾಯವು ಇಲ್ಲಿಯೇ ಉಂಟು.

ಹೀಗಿರುವಲ್ಲಿ ಕೆಲಸಕ್ಕೆ ಮುನ್ನ ಸ್ವಿಚ್ಚನ್ನು ಆರಿಸಿದರೆ ಸಾಲದು; ಮೈನ್ ಸ್ವಿಚ್ಚನ್ನೇ ಆರಿಸತಕ್ಕದ್ದು. ಕರೆಂಟು ಹೋಗಿದೆಯೆಂದು ನಂಬಿ ತಂತಿಗೆ ಕೈಯಿಡುವುದು ಬಹು ದೊಡ್ಡ ಅವಿವೇಕ. ಅದು ಯಾವ ಕ್ಷಣದಲ್ಲಾದರೂ ಮರಳಬಹುದು. ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಅದನ್ನೂ ಬೇರ್ಪಡಿಸಬೇಕು. ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಹಿಡಿದು, ಅದು ಬೆಳಗುವುದೆಂದು ಖಚಿತಪಡಿಸಿಕೊಂಡು, ಮೈನ್ ಆರಿಸಿದ ಮೇಲೆ ತಂತಿಗಳಿಗೆ ಹಿಡಿದು ನೋಡಬೇಕು. ಕೆಲಸ ಮುಗಿಯುವವರೆಗೆ ಮೈನ್ ಬಳಿ ಒಬ್ಬರು ನಿಂತಿರಲಿ. ಏಣಿಯು ಒಣಗಿದ ಮರದ್ದಾಗಿರಲಿ. ಕಬ್ಬಿಣದ ಏಣಿಯು ಬೇಡ.

ತೂಗುಹಾಕುವ ಕೊಕ್ಕೆಯೂ ಗಟ್ಟಿಯಾಗಿರಬೇಕು. ಹೆಂಚಿನ ಮನೆಯಲ್ಲಿ ಹುಳು ಹಿಡಿಯದ ತೊಲೆಗೇ ಅದನ್ನು ಬಿಗಿಯತಕ್ಕದ್ದು. ರೀಪುಗಳು ತಿರುಗುವ ಭಾರವನ್ನು ತಾಳಲಾರವು. ಬೋಲ್ಟಿನ ಪಿನ್ನನ್ನು ಮರೆಯದೆ ಹಾಕಿ ಅದರ ಕಾಲುಗಳನ್ನು ಅಗಲಿಸಬೇಕು. ರೆಕ್ಕೆಗಳು ನೆಲದಿಂದ ಎಂಟು ಅಡಿಗಿಂತ ಕೆಳಗಿರಕೂಡದು.

ಜೋಡಣೆಯನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸತಕ್ಕದ್ದು. ಮನೆಯವರು ಅವನನ್ನು ಮೂರು ಪ್ರಶ್ನೆ ಕೇಳಲಿ: ಸ್ವಿಚ್ಚು ಫೇಸ್ ತಂತಿಯಲ್ಲಿದೆಯೇ? ಅರ್ತಿಂಗ್ ಆಗಿದೆಯೇ? 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ? ಶಕ್ತಿಯು ಸೋರಿ ಭೂಮಿಗೆ ಹರಿಯತೊಡಗಿದರೆ ಈ ಸಾಧನವು ಕ್ಷಣಮಾತ್ರದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಯಲಾರದು. ಆದ್ದರಿಂದ ಅದಿದ್ದರೂ ಮೈನ್ ಆರಿಸುವುದನ್ನು ಬಿಡತಕ್ಕದ್ದಲ್ಲ.

ಮೂರಕ್ಕೂ ಹೌದೆಂಬ ಉತ್ತರ ದೊರೆತು, ಅದನ್ನು ಪರೀಕ್ಷಿಸಿ ತೋರಿಸಿದ ಮೇಲೆಯೇ ಕೂಲಿಯನ್ನು ಕೊಡಿರಿ. ಮನೆಯ ಹೆಣ್ಣುಮಕ್ಕಳಿಗೂ ಮೈನ್ ಸ್ವಿಚ್ಚು ಎಲ್ಲಿದೆ, ಅದನ್ನು ಆರಿಸುವ ಬಗೆ ಹೇಗೆ ಎಂಬುದನ್ನು ಇಂದೇ ತೋರಿಸಿಕೊಡಿರಿ.