ಹಳೆಯ ಜರ್ಮನ್ ಕಾರಿನ ಖರೀದಿಯಲ್ಲಿ ಗೇರ್‌ಬಾಕ್ಸಿನ ಲೆಕ್ಕ

ಕಳೆದ ಲೆಕ್ಕಪರಿಶೋಧನೆಯ ಹಂಗಾಮಿನಲ್ಲಿ, ತೋರಣಗಲ್ಲಿನ ಉಕ್ಕಿನ ಉದ್ಯಮಕ್ಕೆ ಫ್ಯಾಬ್ರಿಕೇಷನ್ ಕೆಲಸ ಮಾಡಿಕೊಡುವ ಗುತ್ತಿಗೆದಾರರೊಬ್ಬರು ಬ್ಯಾಲೆನ್ಸ್ ಶೀಟಿಗೆ ಸಹಿ ಮಾಡುವ ಮುನ್ನ ಎರಡು ಕಾರುಗಳ ವಿವರವನ್ನು ನನ್ನ ಮುಂದಿಟ್ಟರು. ಎರಡೂ ಬೆಂಗಳೂರಿನಲ್ಲಿ ಮಾರಾಟಕ್ಕಿದ್ದ ಫೋಕ್ಸ್‌ವ್ಯಾಗನ್ ವರ್ಟಸ್ ಜಿ.ಟಿ. ಕಾರುಗಳು, ಎರಡರಲ್ಲೂ 1.5 ಲೀಟರಿನ, 150 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಒಂದರಲ್ಲಿ ಆರು ಗೇರಿನ ಮ್ಯಾನ್ಯುಯಲ್, ಇನ್ನೊಂದರಲ್ಲಿ ಏಳು ಗೇರಿನ ಡಿ.ಎಸ್.ಜಿ. ಆಟೋಮ್ಯಾಟಿಕ್. ಮ್ಯಾನ್ಯುಯಲ್‌ಗೆ 11 ಲಕ್ಷ ರೂ., ಆಟೋಮ್ಯಾಟಿಕ್‌ಗೆ 11 ಲಕ್ಷ 90 ಸಾವಿರ ರೂ. ಕೇಳಿದ್ದರು. “ಸಾರ್, ಯಾವುದನ್ನ ತಗೊಳ್ಳಲಿ?” ಎಂಬುದು ಅವರ ಪ್ರಶ್ನೆ.

ಇದು ಮೆಕ್ಯಾನಿಕ್‌ನನ್ನು ಕೇಳಬೇಕಾದ ಪ್ರಶ್ನೆಯೆಂದು ನಾನು ತಳ್ಳಿಹಾಕಬಹುದಿತ್ತು. ಆದರೆ ಇದೇ ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಮೂರು ವರ್ಷಗಳ ಹಿಂದಿನ ಒಂದು ನಮೂದು ನನಗೆ ನೆನಪಿತ್ತು. ಆಗ ಅವರು ಕೊಂಡಿದ್ದ ಹಳೆಯ ಜರ್ಮನ್ ಸೆಡಾನ್ ಎಂಟನೆಯ ತಿಂಗಳಿನಲ್ಲಿ, ಮೇ ತಿಂಗಳ ಮಧ್ಯಾಹ್ನ, ಕುಡಿತಿನಿಯ ಬಳಿ ಅದಿರು ಲಾರಿಗಳ ಸಾಲಿನ ಹಿಂದೆ ಮುಕ್ಕಾಲು ಗಂಟೆ ತೆವಳಿ, ಕೊನೆಗೆ ಗೇರ್ ದೀಪ ಮಿನುಗಿಸಿ ನಿಂತುಬಿಟ್ಟಿತ್ತು. ಕಾರನ್ನು ಲಾರಿಯ ಮೇಲೆ ಹೇರಿ ಬೆಂಗಳೂರಿಗೆ ಸಾಗಿಸಿದರು. ರಿಪೇರಿಯ ಬಿಲ್ಲು 3 ಲಕ್ಷ ರೂ. ಮೀರಿತು, ಇಪ್ಪತ್ತಮೂರು ದಿನ ಬಾಡಿಗೆ ಕಾರಿನ ಖರ್ಚು ಬೇರೆ. ಅಪಘಾತವಲ್ಲದ ಯಾಂತ್ರಿಕ ವೈಫಲ್ಯಕ್ಕೆ ಸಾಮಾನ್ಯ ಮೋಟಾರು ವಿಮೆಯಲ್ಲಿ ಪರಿಹಾರವಿಲ್ಲ. ‘ಜೀರೋ ಡೆಪ್ರಿಸಿಯೇಷನ್’ ಪಾಲಿಸಿ ಇದ್ದರೂ ಇಲ್ಲ. ಬಿಲ್ಲಿನಲ್ಲಿದ್ದ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆಯೂ ಸಿಗಲಿಲ್ಲ. ಚಾಲಕನೂ ಸೇರಿ ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನದ ಖರೀದಿಗೆ ಮಾತ್ರವಲ್ಲ, ಅದರ ರಿಪೇರಿ ಮತ್ತು ವಿಮೆಗೂ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮು ಈ ಜಮೆಯನ್ನು ತಡೆಹಿಡಿದಿದೆ. ಕಾರಿನ ವ್ಯಾಪಾರಿಗಳಿಗೆ, ಟ್ಯಾಕ್ಸಿ ನಡೆಸುವವರಿಗೆ ವಿನಾಯಿತಿಯಿದೆ, ನಮ್ಮಂಥವರಿಗಿಲ್ಲ.

ಆದ್ದರಿಂದ ನಾನು ಅವರಿಗೆ ಹೇಳಿದ್ದು ಇಷ್ಟು: ಹಳೆಯ ಕಾರಿನ ಗೇರ್‌ಬಾಕ್ಸ್ ಎಂಬುದು ಬ್ಯಾಲೆನ್ಸ್ ಶೀಟಿನ ಕೆಳಗೆ ಟಿಪ್ಪಣಿಯಲ್ಲಿ ಬರೆಯುವ ಸಂಭಾವ್ಯ ಹೊಣೆಯಂತಹುದು. ಮಾರುವವನು ಅದನ್ನು ಬೆಲೆಯಲ್ಲಿ ತೋರಿಸುವುದಿಲ್ಲ. ಕೊಳ್ಳುವವನೇ ಅಂದಾಜು ಮಾಡಿ ಬೆಲೆಗೆ ಕೂಡಿಸಿಕೊಳ್ಳಬೇಕು. ಮ್ಯಾನ್ಯುಯಲ್ಲೋ ಆಟೋಮ್ಯಾಟಿಕ್ಕೋ ಎಂಬ ಪ್ರಶ್ನೆಗೆ ಉತ್ತರ ಈ ಕೂಡಿಕೆಯ ನಂತರವೇ ಹೊರಬೀಳುತ್ತದೆ.

ಆಯ್ಕೆ ಇರುವುದು ಎಲ್ಲಿ?

ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಹೊಸಪೇಟೆ, ಸಂಡೂರು, ಬಳ್ಳಾರಿಗಳಿಗೆ ಬಂದ ದುಬಾರಿ ಕಾರುಗಳನ್ನು ನಾವೆಲ್ಲ ಕಂಡಿದ್ದೇವೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಬಳಿಕ ಅವುಗಳಲ್ಲಿ ಅನೇಕವು ಕೈ ಬದಲಿಸಿದವು. ಆ ಕಾಲದ ಕಾರುಗಳು ಈಗ ಹದಿನೈದು ವರ್ಷದ ನೋಂದಣಿ ಅವಧಿಯನ್ನು ಮುಗಿಸುತ್ತಿವೆ. ಅಗ್ಗವೆಂದು ಅವುಗಳಿಗೆ ಕೈಹಾಕುವವರು ನವೀಕರಣದ ತಪಾಸಣೆ ಮತ್ತು ಶುಲ್ಕವನ್ನು ಮೊದಲೇ ಲೆಕ್ಕಹಾಕಲಿ. ಬಿ.ಎಂ.ಡಬ್ಲ್ಯು., ಆಡಿ, ಮರ್ಸಿಡಿಸ್ ಕಾರುಗಳ ಮಟ್ಟಿಗೆ ನಮ್ಮ ದೇಶದಲ್ಲಿ ಮ್ಯಾನ್ಯುಯಲ್ ಗೇರಿನ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ; ಮಾರಾಟವಾದವುಗಳಲ್ಲಿ ಬಹುಪಾಲು ಆಟೋಮ್ಯಾಟಿಕ್. 2023ರಲ್ಲಿ ಬಿ.ಎಂ.ಡಬ್ಲ್ಯು. ಎಂ2 ಕಾರನ್ನು ಆರು ಗೇರಿನ ಮ್ಯಾನ್ಯುಯಲ್ ಸಹಿತ ತಂದದ್ದು ಅಪವಾದ. ಅದರ ಬೆಲೆ ಕೋಟಿಯ ಹತ್ತಿರದ ಮಾತು. ನಿಜವಾದ ಆಯ್ಕೆ ಇರುವುದು ಫೋಕ್ಸ್‌ವ್ಯಾಗನ್ ದರ್ಜೆಯಲ್ಲಿ: ಪೋಲೊ ಜಿ.ಟಿ. ಟಿ.ಡಿ.ಐ. ಮ್ಯಾನ್ಯುಯಲ್, ಪೋಲೊ ಜಿ.ಟಿ. ಟಿ.ಎಸ್.ಐ. ಡಿ.ಎಸ್.ಜಿ., 2021ರಿಂದ ಟೈಗುನ್ ಜಿ.ಟಿ.ಯಲ್ಲಿ ಎರಡೂ, 2023ರಿಂದ ವರ್ಟಸ್ ಜಿ.ಟಿ.ಯಲ್ಲೂ ಎರಡೂ.

‘ಆಟೋಮ್ಯಾಟಿಕ್’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಯಂತ್ರಗಳಿವೆ ಎಂಬುದೇ ಮುಖ್ಯ ತೊಡಕು. ವರ್ಟಸ್‌ನ ಉದಾಹರಣೆಯನ್ನೇ ನೋಡಿ: 1.0 ಲೀಟರ್ ಎಂಜಿನ್ನಿನ ಆಟೋಮ್ಯಾಟಿಕ್‌ನಲ್ಲಿ ಇರುವುದು ಟಾರ್ಕ್ ಕನ್ವರ್ಟರ್, 1.5 ಲೀಟರಿನದರಲ್ಲಿ ಇರುವುದು ಜೋಡಿ ಕ್ಲಚ್ಚಿನ ಡಿ.ಎಸ್.ಜಿ. ಜಾಹೀರಾತಿನಲ್ಲಿ ಎರಡಕ್ಕೂ ಒಂದೇ ಪದ.

ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಗೇರಿಗೆ ಸಾಗುತ್ತದೆ. ತೆವಳುವ ದಟ್ಟಣೆಯಲ್ಲಿ ಉಜ್ಜಿ ಸವೆಯುವ ಭಾಗ ಕಡಿಮೆ. ಬಿ.ಎಂ.ಡಬ್ಲ್ಯು. ಬಳಸುವ ಎಂಟು ಗೇರಿನ ಜೆಡ್.ಎಫ್. ಗೇರ್‌ಬಾಕ್ಸ್ ಈ ಬಗೆಯದು ಮತ್ತು ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲೆಲ್ಲ ಹೆಚ್ಚು ನಂಬಿಕಸ್ಥ. ಆದರೆ ‘ಜೀವಮಾನವಿಡೀ ಎಣ್ಣೆ ಬದಲಿಸಬೇಕಿಲ್ಲ’ ಎಂದು ಕಾರು ಮಾರುವವರು ಹೇಳುವ ಮಾತನ್ನು ಒಪ್ಪಬೇಡಿ. ಗೇರ್‌ಬಾಕ್ಸ್ ತಯಾರಿಸುವ ಜೆಡ್.ಎಫ್. ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೆ ಎಣ್ಣೆ ಬದಲಿಸಲು ಸೂಚಿಸುತ್ತದೆ. ಯಾರ ಜೀವಮಾನ ಎಂಬುದನ್ನು ಮೊದಲನೆಯ ಮಾಲೀಕ ಕೇಳುವುದಿಲ್ಲ, ಎರಡನೆಯವನು ಕೇಳಲೇಬೇಕು.

ಡಿ.ಎಸ್.ಜಿ.ಯಲ್ಲಿ ಎರಡು ಕ್ಲಚ್ಚುಗಳು. ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. 2003ರಲ್ಲಿ ಬಂದ ಆರು ಗೇರಿನದರಲ್ಲಿ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಅದಕ್ಕೆ 60,000 ಕಿ.ಮೀ.ಗೊಮ್ಮೆ ಎಣ್ಣೆ ಬದಲಾವಣೆ ಕಡ್ಡಾಯ. 2008ರಲ್ಲಿ ಬಂದ ಏಳು ಗೇರಿನದರಲ್ಲಿ ಕ್ಲಚ್ಚುಗಳು ಒಣಗಿನವು. ಪೋಲೊ ಜಿ.ಟಿ. ಟಿ.ಎಸ್.ಐ., ಟೈಗುನ್ ಮತ್ತು ವರ್ಟಸ್ ಜಿ.ಟಿ.ಗಳಲ್ಲಿರುವುದು ಈ ಒಣ ಕ್ಲಚ್ಚಿನದೇ. ಇದು ಹಗುರ, ಚುರುಕು, ಇಂಧನವೂ ಮಿತ. ಆದರೆ ಶಾಖವನ್ನು ಹೊತ್ತೊಯ್ಯಲು ಎಣ್ಣೆಯಿಲ್ಲ. 2013ರಲ್ಲಿ ಚೀನಾದಲ್ಲಿ ಫೋಕ್ಸ್‌ವ್ಯಾಗನ್ ಡಿ.ಎಸ್.ಜಿ. ದೋಷಕ್ಕಾಗಿ 3,84,181 ಕಾರುಗಳನ್ನು ವಾಪಸು ಕರೆಸಿತು. ಅದೇ ವರ್ಷದ ನವೆಂಬರಿನಲ್ಲಿ, ಬಿಸಿ ಹಾಗೂ ತೇವದ ಹವೆಯಲ್ಲಿ ವಿದ್ಯುತ್ ದೋಷಕ್ಕೆ ಕಾರಣವಾಗಬಲ್ಲ ಸಿಂಥೆಟಿಕ್ ಗೇರ್ ಎಣ್ಣೆಯನ್ನು ತೆಗೆದು ಖನಿಜ ಎಣ್ಣೆ ತುಂಬಲು ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳಿಗೆ ಕರೆ ಹೋಯಿತು. ಆ ಕಾಲದ ಪೋಲೊ ಕೊಳ್ಳುವವರು ಇಂತಹ ಯಾವ ಕೆಲಸ ಆಗಿದೆಯೆಂಬುದನ್ನು ಚಾಸಿ ಸಂಖ್ಯೆ ಕೊಟ್ಟು ಅಧಿಕೃತ ವರ್ಕ್‌ಶಾಪಿನಲ್ಲಿ ಕೇಳಿ ತಿಳಿಯಬೇಕು.

ಈ ಗೇರ್‌ಬಾಕ್ಸಿನ ಧಾರಣಶಕ್ತಿ 250 ನ್ಯೂಟನ್ ಮೀಟರ್, 1.5 ಲೀಟರ್ ಎಂಜಿನ್ ಕೊಡುವುದೂ ಸರಿಯಾಗಿ ಅಷ್ಟೇ. ಹಿಂದಿನ ಪೋಲೊ ಜಿ.ಟಿ.ಐ. ಕಾರಿಗೆ ವಿದೇಶದಲ್ಲಿ ಮ್ಯಾನ್ಯುಯಲ್ ಗೇರಿನೊಡನೆ 320 ನ್ಯೂಟನ್ ಮೀಟರ್ ಕೊಟ್ಟ ಕಂಪನಿ, ಡಿ.ಎಸ್.ಜಿ.ಯೊಡನೆ 250ಕ್ಕೇ ನಿಲ್ಲಿಸಿತ್ತು. ಯುವಕರು ‘ರೀಮ್ಯಾಪ್’ ಮಾಡಿಸಿ ಶಕ್ತಿ ಹೆಚ್ಚಿಸಿದ ಡಿ.ಎಸ್.ಜಿ. ಕಾರನ್ನು ನಾನಂತೂ ಯಾವ ಬೆಲೆಗೂ ಕೊಳ್ಳಲು ಹೇಳುವುದಿಲ್ಲ.

ಮ್ಯಾನ್ಯುಯಲ್ ನಿರಪಾಯವೆಂದಲ್ಲ. ಕ್ಲಚ್ಚಿನ ಜೊತೆಗೆ ಡ್ಯುಯಲ್ ಮಾಸ್ ಫ್ಲೈವೀಲ್ ಇರುವ ಕಾರಿನಲ್ಲಿ ಎರಡೂ ಒಟ್ಟಿಗೇ ಖರ್ಚಿಗೆ ಬರಬಹುದು. ವ್ಯತ್ಯಾಸ ಇಷ್ಟೇ: ಆ ಖರ್ಚು ಮುಂಚಿತವಾಗಿ ಕಾಣುತ್ತದೆ, ಮತ್ತು ಅದಕ್ಕೆ ಕಂಪ್ಯೂಟರಿಗಿಂತ ಒಳ್ಳೆಯ ಫಿಟ್ಟರ್ ಹೆಚ್ಚು ಮುಖ್ಯ.

ನಮ್ಮ ದಾರಿ, ನಮ್ಮ ಬಿಸಿಲು

ಬೆಂಗಳೂರಿನ ವ್ಯಾಪಾರಿ ಹೇಳುವ ಯಾವ ಮಾತೂ ಹೊಸಪೇಟೆ–ತೋರಣಗಲ್ಲು–ಬಳ್ಳಾರಿಯ 67ನೇ ರಾಷ್ಟ್ರೀಯ ಹೆದ್ದಾರಿಯನ್ನು ಗಣನೆಗೆ ತೆಗೆದುಕೊಂಡಿರುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೆಕೆ, ಕೆಂಪು ಧೂಳು, ಪಾಳಿ ಬದಲಾಗುವ ಹೊತ್ತಿನ ದಟ್ಟಣೆ, ಸಂಡೂರಿನ ಕಡೆ ಏರಿನಲ್ಲಿ ಹೊರೆಲಾರಿಗಳ ಹಿಂದೆ ನಡಿಗೆಯ ವೇಗ. ಒಣ ಕ್ಲಚ್ಚಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇಲ್ಲ. ತಿಂಗಳಿಗೆರಡು ಬಾರಿ ಬೆಂಗಳೂರಿಗೆ ಹೆದ್ದಾರಿಯಲ್ಲೇ ಓಡಾಡುವ ವರ್ತಕರಿಗೆ ಡಿ.ಎಸ್.ಜಿ. ಸುಖವನ್ನೇ ಕೊಟ್ಟೀತು, ಪ್ರತಿದಿನ ಕಾರ್ಖಾನೆಯ ಗೇಟಿಗೆ ಹೋಗಿ ಬರುವವರ ಲೆಕ್ಕ ಬೇರೆ. ಜೊತೆಗೆ ಬೆಂಗಳೂರು ಇಲ್ಲಿಂದ 300 ಕಿ.ಮೀ.ಗೂ ಆಚೆ. ನಿಮ್ಮ ಗೇರ್‌ಬಾಕ್ಸನ್ನು ಬಿಚ್ಚಿ ಜೋಡಿಸಬಲ್ಲ ಅತ್ಯಂತ ಹತ್ತಿರದ ವರ್ಕ್‌ಶಾಪ್ ಯಾವುದು, ಅಲ್ಲಿಯವರೆಗೆ ಸಾಗಿಸುವ ಬಾಡಿಗೆ ಎಷ್ಟು ಎಂದು ಕೊಳ್ಳುವ ಮುನ್ನವೇ ದೂರವಾಣಿಯಲ್ಲಿ ವಿಚಾರಿಸಿ.

ಪರೀಕ್ಷೆಗೆ ಹೋಗುವ ದಿನ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ತಿಳಿಸಿ. ನೀವು ತಲುಪುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಸಂಶಯಪಡಿ. ಮ್ಯಾನ್ಯುಯಲ್‌ನಲ್ಲಿ ಕಡಿಮೆ ವೇಗದಲ್ಲಿ ಮೇಲಿನ ಗೇರಿಗೆ ಹಾಕಿ ಆಕ್ಸಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಡಿ.ಎಸ್.ಜಿ.ಯನ್ನು ಕನಿಷ್ಠ ನಲವತ್ತು ನಿಮಿಷ ದಟ್ಟಣೆಯಲ್ಲಿ ಓಡಿಸಿದ ಮೇಲೆಯೇ ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಕ, ರಿವರ್ಸ್ ಹಾಕಿದಾಗ ತಡ, ಇವೆರಡೂ ಕೆಟ್ಟ ಸೂಚನೆಗಳು. ಸ್ಕ್ಯಾನರ್ ಜೋಡಿಸಿ ದೋಷಸಂಕೇತಗಳನ್ನು ಓದಿಸಿ. ಆ ಮುದ್ರಿತ ಹಾಳೆ ನಿಮ್ಮ ಚೌಕಾಸಿಗೆ ವೋಚರ್ ಇದ್ದಂತೆ.

ರೂಪಾಯಿಯ ಲೆಕ್ಕ

ಗುತ್ತಿಗೆದಾರರ ಎರಡು ಕಾರುಗಳಿಗೆ ಬರೋಣ. ಮುಂದಿನ ಅಂಕಿಗಳು ನಾನು ಹಾಕಿಕೊಂಡ ಅಂದಾಜು. ನೀವು ವರ್ಕ್‌ಶಾಪಿನಿಂದ ಲಿಖಿತ ಕೊಟೇಷನ್ ಪಡೆದು ತುಂಬಿಕೊಳ್ಳಿ. ಮ್ಯಾನ್ಯುಯಲ್‌ಗೆ ಕ್ಲಚ್ ಮತ್ತಿತರ ಬಾಬ್ತು 70,000 ರೂ. ಮೀಸಲಿಟ್ಟರೆ ನಿಜವಾದ ವೆಚ್ಚ 11 ಲಕ್ಷ 70 ಸಾವಿರ. ಡಿ.ಎಸ್.ಜಿ.ಗೆ ಸರ್ವಿಸ್ ದಾಖಲೆಯಿಲ್ಲದಿದ್ದರೆ 2.5 ಲಕ್ಷ ರೂ. ಮೀಸಲು, ಆಗ 14 ಲಕ್ಷ 40 ಸಾವಿರ. ಅದೇ ಡಿ.ಎಸ್.ಜಿ.ಗೆ ಕಂಪನಿಯ ವಾರಂಟಿ ಇನ್ನೂ ಜಾರಿಯಲ್ಲಿದ್ದು, ಅದು ನಿಮ್ಮ ಹೆಸರಿಗೆ ಲಿಖಿತವಾಗಿ ವರ್ಗವಾಗುವುದಾದರೆ ಮೀಸಲನ್ನು 50 ಸಾವಿರಕ್ಕೆ ಇಳಿಸಬಹುದು. ಆಗ 12 ಲಕ್ಷ 40 ಸಾವಿರ. ಎಂದರೆ ವಾರಂಟಿಯ ಒಂದು ಹಾಳೆಯ ಬೆಲೆ 2 ಲಕ್ಷ ರೂಪಾಯಿ.

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಪರಿಹಾರ ಸೆಸ್ ಹೋಗಿ ಶೇ. 40ರ ಜಿ.ಎಸ್.ಟಿ. ಬಂದಿದೆ; ಸಣ್ಣ ಕಾರುಗಳಿಗೆ ಶೇ. 18. ಹೊಸ ಕಾರಿನ ಬೆಲೆ ಇಳಿದುದರಿಂದ ಅದಕ್ಕೂ ಹಿಂದಿನ ಹಳೆಯ ಕಾರಿನ ದರಪಟ್ಟಿಯನ್ನು ಆಧಾರವಾಗಿ ಹಿಡಿಯಬಾರದು. ನೋಂದಾಯಿತ ವ್ಯಾಪಾರಿ ಹಳೆಯ ಕಾರು ಮಾರಿದರೆ ಜಿ.ಎಸ್.ಟಿ. ಬೀಳುವುದು ಪೂರ್ತಿ ಬೆಲೆಯ ಮೇಲಲ್ಲ, ಅವನ ಲಾಭಾಂಶದ ಮೇಲೆ, ಶೇ. 18ರಂತೆ, ಜಿ.ಎಸ್.ಟಿ. ನೋಂದಣಿಯಿಲ್ಲದ ಖಾಸಗಿ ವ್ಯಕ್ತಿ ಮಾರಿದರೆ ತೆರಿಗೆಯಿಲ್ಲ. ಬೇರೆ ರಾಜ್ಯದ ಕಾರು ಅಗ್ಗವೆಂದು ತೋರಿದರೂ, ಹನ್ನೆರಡು ತಿಂಗಳ ಮೇಲ್ಪಟ್ಟು ಇಲ್ಲಿಟ್ಟರೆ ಕರ್ನಾಟಕದ ನೋಂದಣಿ ಸಂಖ್ಯೆ ಪಡೆದು ಜೀವಾವಧಿ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ಕೂಡಿಸದೆ ಹೋಲಿಕೆ ಮಾಡಬೇಡಿ.

ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವವರು ಒಂದು ಮಾತು ಗಮನಿಸಬೇಕು. ‘ಅರ್ಧ ಚೆಕ್, ಅರ್ಧ ನಗದು’ ಎಂಬ ವ್ಯವಹಾರ ಹಳೆಯ ಕಾರುಗಳಲ್ಲಿ ಇನ್ನೂ ಇದೆ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟ ಭಾಗ ಆಸ್ತಿಯ ವೆಚ್ಚಕ್ಕೆ ಸೇರುವುದಿಲ್ಲ, ಅದರ ಮೇಲೆ ಶೇ. 15ರ ಸವಕಳಿಯೂ ಸಿಗುವುದಿಲ್ಲ. ಒಂದೇ ವ್ಯವಹಾರದಲ್ಲಿ 2 ಲಕ್ಷ ರೂ. ಅಥವಾ ಹೆಚ್ಚು ನಗದು ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬಿದ್ದೀತು.

ನಮ್ಮ ಗುತ್ತಿಗೆದಾರರು ಒಂದು ಭಾನುವಾರ ಬೆಂಗಳೂರಿಗೆ ಹೋಗಿ ಎರಡನ್ನೂ ಓಡಿಸಿ ಬಂದರು. ಡಿ.ಎಸ್.ಜಿ. ಕಾರು ನಯವಾಗಿತ್ತು, ಆದರೆ ಎರಡು ಸರ್ವಿಸ್‌ಗಳ ದಾಖಲೆ ಇರಲಿಲ್ಲ, ವಾರಂಟಿ ವರ್ಗಾವಣೆಯ ಮಾತೆತ್ತಿದಾಗ ಮಾರುವವರು ವಿಷಯ ಬದಲಿಸಿದರು. ಮ್ಯಾನ್ಯುಯಲ್‌ನಲ್ಲಿ ಕ್ಲಚ್ ಜಾರುತ್ತಿತ್ತು. ಅದನ್ನು ಮಾಲೀಕರೇ ಒಪ್ಪಿಕೊಂಡರು. ಕೊಟೇಷನ್ ತೋರಿಸಿ 80,000 ರೂ. ಇಳಿಸಿಕೊಂಡು ಮ್ಯಾನ್ಯುಯಲ್ ಕಾರನ್ನೇ ತಂದರು. ಬಳಕೆಗೆ ಇಳಿಸುವ ಮುನ್ನವೇ ಕ್ಲಚ್ ಬದಲಿಸಿದ್ದರಿಂದ ಆ ಬಿಲ್ಲನ್ನು ರಿಪೇರಿ ಖಾತೆಗೆ ಹಾಕದೆ ಕಾರಿನ ಮೂಲವೆಚ್ಚಕ್ಕೇ ಸೇರಿಸಿದ್ದೇನೆ.