ಪಾಲಿಲ್ಲದ ಪಾಲುದಾರ

ಸಂಜೆಯಾಯಿತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಹೋಟೆಲುಗಳ ಮುಂದೆ ಬಣ್ಣದ ಅಂಗಿ ತೊಟ್ಟ ತರುಣರು ಮೊಬೈಲನ್ನು ಹಿಡಿದು ಕರೆಗಾಗಿ ಕಾಯುತ್ತಿರುವುದನ್ನು ಕಾಣಬಹುದು. ಕರೆ ಬಂದೊಡನೆ ಊಟದ ಪೊಟ್ಟಣವನ್ನು ಹೊತ್ತು ಯಾರದೋ ಮನೆಯ ಬಾಗಿಲಿಗೆ ಧಾವಿಸುತ್ತಾರೆ. ಬೈಕು ಅವರದು, ಪೆಟ್ರೋಲು ಅವರದು, ಬಿದ್ದರೆ ನೋವೂ ಅವರದೇ. ದರವನ್ನು ಗೊತ್ತುಮಾಡುವವರು ಮಾತ್ರ ಕಂಪನಿಯವರು. ಆದರೂ ಒಪ್ಪಂದದಲ್ಲಿ ಅವರಿಗೆ 'ಪಾಲುದಾರ' ಎಂಬ ಹೆಸರು! ಲಾಭದಲ್ಲಿ ಪಾಲಿಲ್ಲದ ವಿಚಿತ್ರ ಪಾಲುದಾರಿಕೆ ಇದು.

ಹೆಸರು ಯಾವುದಾದರೇನು ಎನ್ನುವಂತಿಲ್ಲ. ರಾಜಾಜಿನಗರದಲ್ಲಿಯೇ ಇ.ಎಸ್.ಐ. ಆಸ್ಪತ್ರೆಯೊಂದಿದೆ. 1948ರ ಕಾಯಿದೆಯಿಂದ ಆರಂಭವಾದ ವ್ಯವಸ್ಥೆಯಲ್ಲಿ ನೌಕರನ ವೇತನದಿಂದ ಒಂದಿಷ್ಟು, ಮಾಲೀಕನಿಂದ ಅದಕ್ಕಿಂತ ಹೆಚ್ಚು ವಂತಿಗೆ ಸಂದಾಯವಾಗಿ, ಕಾರ್ಖಾನೆಯ ಕಾರ್ಮಿಕನಿಗೆ ಅಲ್ಲಿ ಚಿಕಿತ್ಸೆ ದೊರೆಯುತ್ತದೆ. ಪಾಲುದಾರನಿಗಾದರೋ ಮಾಲೀಕನೇ ಇಲ್ಲ, ವಂತಿಗೆ ಕಟ್ಟುವವರಾರು? ದಿನಕ್ಕೆ ಹತ್ತು ಸಲ ಆ ಆಸ್ಪತ್ರೆಯ ಮುಂದೆ ಹಾದುಹೋಗುವವನಿಗೆ ಈ ದುಡಿಮೆಯ ಬಲದಿಂದ ಅದರ ಬಾಗಿಲು ತೆರೆಯುವುದಿಲ್ಲ.

ಈ ತಕರಾರು ಹೊಸದಲ್ಲ. ಮಂಗಳೂರಿನ ಕಡೆ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದ ಹೆಂಗಸರ ವಿಷಯದಲ್ಲಿಯೂ ಇಂತಹುದೇ ವಾದವಿತ್ತು. ಎಲೆಯೂ ಹೊಗೆಸೊಪ್ಪೂ ಗುತ್ತಿಗೆದಾರನಿಂದ ಬರುತ್ತಿದ್ದವು. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಕಾರ್ಖಾನೆಯ ಗೋಡೆಯೊಳಗೆ ಇಲ್ಲದವರು ನೌಕರರಾದಾರೆ ಎಂದು ಮಾಲೀಕರು ಕೇಳಿದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ದುಡಿಯುವವರನ್ನೂ ನೌಕರರ ಸಾಲಿಗೆ ಸೇರಿಸಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದ ಉದ್ಯಮಗಳು ಅದನ್ನು ಪ್ರಶ್ನಿಸಿದುವು. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಬ್ರಿಟನ್ನಿನ ಸುಪ್ರೀಂ ಕೋರ್ಟು ಸಹ 2021ರಲ್ಲಿ ಊಬರ್ ಚಾಲಕರು ಸ್ವತಂತ್ರ ವ್ಯಾಪಾರಿಗಳಲ್ಲ, ಕನಿಷ್ಠ ವೇತನಕ್ಕೆ ಅರ್ಹರಾದ ಕೆಲಸಗಾರರೆಂದು ತೀರ್ಪಿತ್ತಿತು.

ಕರ್ನಾಟಕ ಸರ್ಕಾರವು 2023ರಲ್ಲಿ ಇಂತಹ ಕೆಲಸಗಾರರಿಗೆ ಒಟ್ಟು 4 ಲಕ್ಷ ರೂಪಾಯಿಗಳ ವಿಮೆಯನ್ನು ಘೋಷಿಸಿತು. 2025ರ ಕಾಯಿದೆ ಇನ್ನೂ ಮುಂದೆ ಹೋಯಿತು. ಪ್ರತಿಯೊಂದು ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಶುಲ್ಕವನ್ನು ಕಂಪನಿಯು ಕಲ್ಯಾಣನಿಧಿಗೆ ಕಟ್ಟಬೇಕು. ಸಾಮಾನ್ಯವಾಗಿ, ಲಿಖಿತ ಕಾರಣವನ್ನೂ 14 ದಿನಗಳ ಮುನ್ಸೂಚನೆಯನ್ನೂ ಕೊಡದೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಮೊಬೈಲಿನಲ್ಲಿ ಖಾತೆ ಮುಚ್ಚಿಹೋಗಿ, ಏತಕ್ಕೆಂದು ಕೇಳಲು ಮನುಷ್ಯರೇ ಸಿಗದ ಸಂಕಟವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಆದರೆ ಈ ಕಾಯಿದೆಯೂ ಅವನನ್ನು ನೌಕರನೆಂದು ಕರೆದಿಲ್ಲ. ಕೆಂಗೇರಿಯಿಂದ ರಾಜಾಜಿನಗರದವರೆಗೆ ಹನ್ನೆರಡು ಗಂಟೆ ಅಲೆದವನ ದಿನದ ಗಳಿಕೆ ಇಷ್ಟಕ್ಕೆ ಕಡಿಮೆಯಾಗಬಾರದೆಂದು ಅದು ವಿಧಿಸಿಲ್ಲ. ಹೋಟೆಲಿನ ಮುಂದೆ ಕಾಯುತ್ತ ಕಳೆದ ಹೊತ್ತಿನ ಲೆಕ್ಕವನ್ನೂ ಹಿಡಿದಿಲ್ಲ.