ಬೆಕ್ಕಿನ ಮಂಡಿನೋವು ನಮಗೆ ಕಾಣೋದು ಹೇಗೆ?

ಅಜ್ಜಿಗೆ ಮಂಡಿನೋವು ಬಂದರೆ ಮನೆಗೆಲ್ಲ ಗೊತ್ತಾಗುತ್ತೆ. ಬೆಕ್ಕಿಗೆ ಬಂದರೆ? ಅದು ಕುಂಟೋದು ಕಡಿಮೆ, ಕೂಗೋದು ಇನ್ನೂ ಕಡಿಮೆ. ಕಿಟಕಿಗೆ ಹಾರೋದನ್ನು ಬಿಟ್ಟುಬಿಡುತ್ತೆ, ಅಷ್ಟೇ. ವಯಸ್ಸಾಯ್ತು ಅಂತ ನಾವೂ ಸುಮ್ಮನಾಗ್ತೀವಿ.

ನಮ್ಮ ಡರ್ಹಮ್‌ಗೆ ಹತ್ತಿರದ ರಾಲಿಯಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿದೆ. ಅಲ್ಲಿನ ಡಂಕನ್ ಲಾಸೆಲ್ಸ್ ತಂಡ 100 ಬೆಕ್ಕುಗಳ ಎಕ್ಸ್-ರೇ ತೆಗೆದು 2010ರಲ್ಲಿ ಪ್ರಕಟಿಸಿತು. ತೊಂಬತ್ತಕ್ಕೂ ಹೆಚ್ಚು ಬೆಕ್ಕುಗಳಲ್ಲಿ ಒಂದು ಕಡೆಯಾದರೂ ಕೀಲು ಸವೆತ ಕಂಡಿತು. ಆದರೆ ಎಕ್ಸ್-ರೇ ಮೂಳೆ ತೋರಿಸುತ್ತೆ, ನೋವನ್ನಲ್ಲ.

ಹಾಗಾದರೆ ಔಷಧ ಕೆಲಸ ಮಾಡಿತಾ ಅಂತ ಕೇಳೋದು ಯಾರನ್ನ? ಸಾಕಿದವರನ್ನೇ. ಅವರಿಗೋ ಆಸೆ, ಹುಸಿಮದ್ದು ಕೊಟ್ಟರೂ ಈಗ ಪರವಾಗಿಲ್ಲ ಅಂತಾರೆ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದೇ ತಂಡ ಒಂದು ಉಪಾಯ ಮಾಡಿತು. ಮೂರು ವಾರ ಕೆಲವು ಬೆಕ್ಕುಗಳಿಗೆ ಮೆಲಾಕ್ಸಿಕ್ಯಾಮ್, ಉಳಿದವಕ್ಕೆ ಹುಸಿಮದ್ದು. ಎರಡೂ ಗುಂಪಿನವರು ಸುಧಾರಿಸಿದೆ ಅಂದರು. ಆಮೇಲೆ ಸಾಕಿದವರಿಗೆ ಗೊತ್ತಾಗದ ಹಾಗೆ ಎಲ್ಲಕ್ಕೂ ಹುಸಿಮದ್ದು. ನಿಜವಾದ ಮದ್ದು ನಿಂತ ಬೆಕ್ಕುಗಳು ಮತ್ತೆ ಸೊರಗಿದ್ದು ಆಗ ಅವರ ಕಣ್ಣಿಗೆ ಬಿತ್ತು. ಸಿಕ್ಕ ಸುಖಕ್ಕಿಂತ ಕಳೆದುಹೋದ ಸುಖವೇ ಚೆನ್ನಾಗಿ ಕಾಣೋದು! ನಮಗಂತೂ ಬಹಳ ಇಷ್ಟವಾದ ಪ್ರಯೋಗ ಇದು.

ಮನೆಯಲ್ಲಿ ಗಮನಿಸಬೇಕಾದದ್ದು ಇಷ್ಟು: ಮೇಲಕ್ಕೆ ಹಾರೋದು, ಕೆಳಕ್ಕೆ ಧುಮುಕೋದು, ಮೆಟ್ಟಿಲು ಹತ್ತೋದು, ಇಳಿಯೋದು, ಓಡೋದು, ಆಟದ ಸಾಮಾನು ಅಟ್ಟಿಸೋದು. ನಾಯಿಯಾದರೆ ಮಲಗಿ ಏಳುವಾಗಿನ ಬಿಗಿತ, ಕಾರು ಹತ್ತೋಕೆ ಹಿಂಜರಿಕೆ. ಫೋನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಬೆಕ್ಕು ಮುದುರಿ ಕೂತುಬಿಡುತ್ತೆ, ಡಾಕ್ಟರಿಗೆ ಏನೂ ಕಾಣಲ್ಲ.

ತೂಕ ಇಳಿಸಿದರೆ ಕೀಲಿನ ಹೊರೆಯೂ ಇಳಿಯುತ್ತೆ. ಬೆಕ್ಕಿನ ಮಲದ ತಟ್ಟೆಯ ಅಂಚು ತಗ್ಗಾಗಿರಲಿ. ನೋವಿನ ಸಂಕೇತ ಹೆಚ್ಚಿಸುವ ನರ ಬೆಳವಣಿಗೆಯ ಪ್ರೋಟೀನನ್ನು ಹಿಡಿದಿಡುವ ತಿಂಗಳ ಇಂಜೆಕ್ಷನ್‌ಗಳೂ ಬಂದಿವೆ. ಅಮೆರಿಕದ ಎಫ್‌ಡಿಎ 2022ರಲ್ಲಿ ಬೆಕ್ಕಿನ ಸೊಲೆನ್ಸಿಯಾಗೆ, 2023ರಲ್ಲಿ ನಾಯಿಯ ಲಿಬ್ರೆಲಾಗೆ ಒಪ್ಪಿಗೆ ಕೊಟ್ಟಿತು. ಲಿಬ್ರೆಲಾ ಪಡೆದ ಕೆಲವು ನಾಯಿಗಳಲ್ಲಿ ನಡಿಗೆ ತೂರಾಡೋದು, ಫಿಟ್ಸ್ ಬರೋದು ವರದಿಯಾಗಿ, 2024ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಪಶುವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಹಾಕಿಸುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಊರಿಂದ ತಂದ ಡೋಲೋ, ಕ್ರೋಸಿನ್, ಇಲ್ಲಿನ ಟೈಲೆನಾಲ್, ಎಲ್ಲವೂ ಪ್ಯಾರಾಸಿಟಮಾಲೇ. ಅದನ್ನು ನಿರುಪದ್ರವಿಯಾಗಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ಒಂದೇ ಮಾತ್ರೆ ಕೊಲ್ಲಬಹುದು. ನಾಯಿಗೆ ಐಬುಪ್ರೊಫೆನ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಅಕಸ್ಮಾತ್ ನುಂಗಿದ್ದರೆ ಲಕ್ಷಣಕ್ಕೆ ಕಾಯಬೇಡಿ, ಮಾತ್ರೆಯ ಚೀಟಿ ಕೈಯಲ್ಲಿ ಹಿಡಿದು ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ.